ಮೊಲ್ಲೆಂನಲ್ಲಿ ಒಂದು ಗಂಟೆ ಗಾಡಿ ನಿಲ್ಲಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯನ್ನು ನಾನು ಓದಿದ್ದಕ್ಕಿಂತ ಹೊತ್ತು ತಂದದ್ದೇ ಜಾಸ್ತಿ. ಇಪ್ಪತ್ತಾರು ವರ್ಷ ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಗಾಡಿ ಓಡಿಸಿದವನು ನಾನು. ಟೊಮೆಟೊ ಕ್ರೇಟುಗಳ ಮೇಲೆ, ತಾಡಪತ್ರಿಯ ಕೆಳಗೆ, ಎಷ್ಟೋ ಸಲ ನಿಮ್ಮ ಪತ್ರಿಕೆಯ ಕಟ್ಟೂ ಬಂದಿದೆ. ಫೋಂಡಾದಲ್ಲಿ ಕಟ್ಟು ಇಳಿಸಿ, ಅದರಿಂದ ಒಂದು ಪ್ರತಿ ಎಳೆದುಕೊಂಡು, ಚಹಾ ಕುಡಿಯುತ್ತಾ ಓದಿ, ಮತ್ತೆ ಮಡಚಿ ಇಟ್ಟು ಮಡಗಾಂವಿನ ಕಡೆ ಹೊರಡುತ್ತಿದ್ದೆ. ಅಂಗಡಿಯವರು ಏನೂ ಅನ್ನುತ್ತಿರಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ರಾತ್ರಿ ಎದುರಿನ ಲೈಟು ಚುಚ್ಚತೊಡಗಿತು. ನಾಲ್ಕು ವರ್ಷದ ಹಿಂದೆ ಗಾಡಿ ಬಿಟ್ಟೆ. ಈಗ ಅಳಿಯ ಓಡಿಸುತ್ತಾನೆ. ನನಗೆ ಫೋಂಡಾದಲ್ಲಿ ಮೊಮ್ಮಗನನ್ನು ಶಾಲೆಗೆ ಬಿಟ್ಟು ಕರೆತರುವ ಡ್ಯೂಟಿ. ಪತ್ರಿಕೆಯನ್ನು ಈಗ ದುಡ್ಡು ಕೊಟ್ಟೇ ಕೊಳ್ಳುತ್ತಿದ್ದೇನೆ, ಅದನ್ನೂ ತಿಳಿಸಿಬಿಡುತ್ತೇನೆ.

ಈ ಪತ್ರ ಗೋವಾ ಗಡಿಯ ಮೊಲ್ಲೆಂ ಊರು, ಅಲ್ಲಿನ ಕಾಡಿನ ಬಗ್ಗೆ. ನಿಮ್ಮಲ್ಲಿ ದೂಧಸಾಗರ ಜಲಪಾತದ ಫೋಟೋ ವರ್ಷಕ್ಕೆ ನಾಲ್ಕು ಸಲ ಬರುತ್ತದೆ, ಮಳೆಗಾಲದಲ್ಲಂತೂ ಬಿಡಿ. ಅದರ ಕಾಲ ಬುಡದಲ್ಲೇ ಇರುವ ಮೊಲ್ಲೆಂ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಓದಿದ ನೆನಪು ನನಗಿಲ್ಲ. ನಾನೇ ಬರೆಯೋಣ ಅಂತ ಕೂತಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಬೆಳಗಾವಿ, ಖಾನಾಪುರ, ಲೋಂಡಾ, ರಾಮನಗರ, ಅನಮೋಡ. ಅಲ್ಲಿಂದ ಘಾಟು ಇಳಿದರೆ ಮೊಲ್ಲೆಂ. ಈ ಹಾದಿಯಲ್ಲಿ ಗಾಡಿ ಹೊಡೆಯುವ ಯಾರನ್ನೇ ಕೇಳಿ, ಮೊಲ್ಲೆಂ ಅಂದರೆ ಚೆಕ್‌ಪೋಸ್ಟ್ ಅನ್ನುತ್ತಾರೆ. ಕಾಗದ ತೋರಿಸು, ಮುಖ ತೊಳೆ, ಚಹಾ ಕುಡಿ, ಹೊರಡು. ಅಷ್ಟೇ ಮೊಲ್ಲೆಂ. ಅಲ್ಲೇ ಅರಣ್ಯ ಇಲಾಖೆಯ ಮಾಹಿತಿ ಕೇಂದ್ರ ಇದೆ ಅಂತ ನನಗೂ ಗೊತ್ತಿತ್ತು. ಅದು ಸಾಹೇಬರ ಆಫೀಸು, ಬದನೆಕಾಯಿ ಲೋಡಿನವನಿಗೆ ಅಲ್ಲೇನು ಕೆಲಸ ಅಂತ ಒಳಗೆ ಕಾಲಿಡದೆ ಸಾವಿರಾರು ಸಲ ಹಾದುಹೋದೆ. ಯಾರೂ ನನ್ನನ್ನು ಬೇಡ ಅಂದಿರಲಿಲ್ಲ. ನಾನೇ ಹೋಗಲಿಲ್ಲ.

ಕಳೆದ ತಿಂಗಳು ಹೋದದ್ದೂ ಆಸೆಪಟ್ಟು ಅಲ್ಲ. ಗೋಕಾಕದಿಂದ ನಮ್ಮಾಕೆಯ ತಂಗಿಯ ಮಂದಿ ಬಂದಿದ್ದರು. ಗೋವಾಕ್ಕೆ ಬಂದ ಮೇಲೆ ದೂಧಸಾಗರ ತೋರಿಸಲೇಬೇಕಲ್ವಾ? ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಂಡು, ಜಲಪಾತಕ್ಕೆ ಜೀಪು ಹೊರಡುವ ಕುಳೆಂಗೆ ಹೋದೆವು. ನಾವು ಮುಟ್ಟುವಷ್ಟರಲ್ಲಿ ಜೀಪಿನ ಸರತಿ ಮುಗಿದಿತ್ತು. ಕಾಡಿನೊಳಗೆ ದಿನಕ್ಕೆ ಇಷ್ಟೇ ಜೀಪು ಅಂತ ಲೆಕ್ಕ ಇದೆ, ಬೆಳಿಗ್ಗೆ ಬೇಗ ಹೋಗಬೇಕು. ತಪ್ಪು ನನ್ನದೇ. ‘ಗೋವಾದಾಗ ಮೂವತ್ತು ವರ್ಷದಿಂದ ಅದಾರ, ಇಷ್ಟೂ ಗೊತ್ತಿಲ್ಲ’ ಅಂತ ನಮ್ಮಾಕೆ ಎಲ್ಲರ ಮುಂದೆ ಅಂದಳು. ವಾಪಸ್ ಬರುವಾಗ ಮೊಲ್ಲೆಂನಲ್ಲಿ ಊಟಕ್ಕೆ ನಿಂತೆವು. ನನ್ನ ಮೊಮ್ಮಗ ಆರನೇ ಕ್ಲಾಸು. ಅವನು ಮಾಹಿತಿ ಕೇಂದ್ರದ ಬೋರ್ಡು ಓದಿ ‘ಅಜ್ಜಾ, ಒಳಗೆ ಹೋಗೋಣ’ ಅಂತ ಕೈ ಹಿಡಿದು ಎಳೆದ.

ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನಗೆ ಕನ್ನಡ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಓದುಗ. ಅವನು ಚಿತ್ರದ ಕೆಳಗಿನದು ಓದುವುದು, ನಾನು ಅದರ ಹೆಸರು ನಮ್ಮ ಭಾಷೆಯಲ್ಲಿ ಹೇಳುವುದು. ಹೀಗೆ ಶುರುವಾಯಿತು.

‘ಗೌರ್. ಗೋವಾದ ರಾಜ್ಯ ಪ್ರಾಣಿ ಅಂತೆ’ ಅಂದ. ಕಾಡುಕೋಣ! ಮೊಣಕಾಲಿನ ಕೆಳಗೆ ಬಿಳಿ ಸಾಕ್ಸ್ ಹಾಕಿದ ಹಾಗೆ ಇರುತ್ತದಲ್ಲ, ಅದೇ. ಅನಮೋಡದ ತಿರುವಿನಲ್ಲಿ ಅದಕ್ಕಾಗಿ ನಾನು ಅರ್ಧ ಗಂಟೆ ಗಾಡಿ ಬಂದ್ ಮಾಡಿ ಕೂತಿದ್ದೇನೆ. ಹಾರ್ನ್ ಹೊಡೆಯುವ ಧೈರ್ಯ ಬರಲಿಲ್ಲ. ಮುಂದೆ ಹೋದಾಗ ಮೊಮ್ಮಗ ‘ಮತ್ತಿ, ರಾಜ್ಯ ಮರ’ ಅಂದ. ಅವನು ಓದಿದ್ದು ಗೋವಾದವರ ಹೆಸರು, ಆದರೆ ನಮ್ಮಲ್ಲೂ ಅದು ಮತ್ತಿಯೇ. ಮೊಸಳೆಯ ಬೆನ್ನಿನ ಹಾಗೆ ತೊಗಟೆ ಒಡೆದಿರುತ್ತದೆ. ನಮ್ಮೂರಿನ ಹಳೇ ಮನೆಯ ತೊಲೆ ಮತ್ತಿಯದು. ಬೇಸಿಗೆಯಲ್ಲಿ ಕೆಲವು ಮತ್ತಿ ಮರಗಳು ಕಾಂಡದೊಳಗೆ ನೀರು ಹಿಡಿದಿಟ್ಟುಕೊಂಡಿರುತ್ತವೆ ಅಂತ ನಾನು ಹೇಳಿದರೆ ಹುಡುಗ ನಂಬಲೇ ಇಲ್ಲ. ಅಲ್ಲಿದ್ದ ಅರಣ್ಯ ಸಿಬ್ಬಂದಿಯೊಬ್ಬರು ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು. ಹೌದು, ಅಜ್ಜ ಹೇಳಿದ್ದು ಖರೆ ಅಂತ ಹಿಂದಿಯಲ್ಲಿ ಅವನಿಗೆ ಹೇಳಿದರು. ಅಲ್ಲಿಂದ ನನ್ನ ಕಿಮ್ಮತ್ತು ಸ್ವಲ್ಪ ಏರಿತು.

ನಡುವಯಸ್ಸಿನ ಕೊಂಕಣಿ ಮನುಷ್ಯ. ನನ್ನನ್ನು ‘ಪಾತ್ರಾಂವ್’ ಅಂತಲೇ ಕರೆಯುತ್ತಿದ್ದರು. ಗೋವಾದಲ್ಲಿ ಮಾಲೀಕರಿಗೆ, ದೊಡ್ಡವರಿಗೆ ಹಾಗೆ ಅನ್ನುತ್ತಾರೆ. ಇಷ್ಟು ವರ್ಷ ನಾನು ಬೇರೆಯವರಿಗೆ ಅಂದಿದ್ದೆ, ನನಗೆ ಯಾರೂ ಅಂದಿರಲಿಲ್ಲ. ಕಾಡಿನ ವಿಷಯವನ್ನು ಅವರೇ ಬಿಡಿಸಿ ಹೇಳಿದರು. ಮೊದಲು ಇದು ಬೇಟೆಯ ಪ್ರಾಣಿಗಳಿಗಾಗಿ ಕಾಯ್ದಿಟ್ಟ ಕಾಡು. 1969ರಲ್ಲಿ ಅಭಯಾರಣ್ಯ ಆಯಿತು, ಭಗವಾನ್ ಮಹಾವೀರರ ಹೆಸರು ಬಂತು. 1978ರಲ್ಲಿ ಒಳಗಿನ 107 ಚದರ ಕಿಲೋಮೀಟರನ್ನು ರಾಷ್ಟ್ರೀಯ ಉದ್ಯಾನ ಅಂತ ಮಾಡಿದರು. ಎಲ್ಲಾ ಸೇರಿ 240 ಚದರ ಕಿಲೋಮೀಟರ್. ನಾನು 240 ಅಂದರೆ ಎಷ್ಟು ಅಂತ ಲೆಕ್ಕ ಹಾಕುತ್ತಾ ನಿಂತೆ. ನನಗೆ ರಸ್ತೆಯ ಉದ್ದ ಗೊತ್ತಾಗುತ್ತದೆ, ಕಾಡಿನ ಅಗಲ ಗೊತ್ತಾಗುವುದಿಲ್ಲ. ಹಿಂದಿನ ನಂಬರು 4ಎ, ಈಗಿನ 748, ಆ ರಸ್ತೆ ಈ ಕಾಡಿನ ನಡುವೆಯೇ ಹೋಗುತ್ತದೆ. ನಾನು ಕಂಡ ಕಾಡು ಹೆಡ್‌ಲೈಟು ಬಿದ್ದಷ್ಟೇ.

ಗಡಿ ದಾಟಿದರೆ ಕಾಡು ಮುಗಿಯುವುದಿಲ್ಲ. ನಮ್ಮ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮೊದಲು ದಾಂಡೇಲಿ-ಅಣಶಿ ಅನ್ನುತ್ತಿದ್ದದ್ದು. ಖಾನಾಪುರದ ಕಡೆ ಭೀಮಗಡ. ಅಲ್ಲಿ ಹುಟ್ಟಿದ ಮಹದಾಯಿಯೇ ಇಲ್ಲಿ ಮಾಂಡವಿ ಆಗಿ ಪಣಜಿ ಮುಟ್ಟುತ್ತದೆ. ಆ ನೀರಿನ ಜಗಳದ ಬಗ್ಗೆ ಬರೆಯುವವರು ಬೇಕಾದಷ್ಟು ಇದ್ದಾರೆ, ನಾನು ಬರೆಯುವುದಿಲ್ಲ. ನನಗೆ ಅನ್ನಿಸಿದ್ದು ಇಷ್ಟೇ: ನಾವು ಪರ್ಮಿಟ್ಟು, ಟ್ಯಾಕ್ಸು ಅಂತ ಗಡಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದಾಗ ಕಾಡುಕೋಣ ಎರಡೂ ರಾಜ್ಯದಲ್ಲಿ ಸುಮ್ನೆ ಮೇಯ್ದುಕೊಂಡು ಓಡಾಡುತ್ತಿತ್ತು.

ಇನ್ನು ನಾನು ಹೇಳಬೇಕಾದ ವಿಷಯ. ಇದನ್ನು ಮನೆಯಲ್ಲೂ ಹೇಳಿರಲಿಲ್ಲ.

2008ರ ಮೇ ತಿಂಗಳು. ರಾತ್ರಿ ಎರಡೂವರೆ ಇರಬಹುದು. ಗಾಡಿ ಟಾಟಾ 407, ಹಿಂದೆ ತುಂಬ ಟೊಮೆಟೊ. ಬೆಳಗಾವಿಯ ದಲಾಲರೊಬ್ಬರ ಮಾಲು. ನಾಲ್ಕು ಗಂಟೆಗೆ ಮಾರ್ಕೆಟ್ಟಿಗೆ ಮುಟ್ಟದಿದ್ದರೆ ಭಾಡಿಗೆಯಲ್ಲಿ ಮುರಿದುಕೊಳ್ಳುತ್ತಿದ್ದರು. ಘಾಟು ಇಳಿಯುತ್ತಿದ್ದೆ. ಒಂದು ತಿರುವು ದಾಟಿದ ಮೇಲೆ ರಸ್ತೆಯ ನಡುವೆ ದುಂಡಗೆ ಏನೋ ಕಂಡಿತು. ಗೋವಾದಿಂದ ಹಲಸು ಮೇಲೆ ಹೋಗುವ ದಿನಗಳು ಅವು. ಯಾವುದೋ ಗಾಡಿಯಿಂದ ಹಲಸಿನಹಣ್ಣು ಬಿದ್ದಿದೆ ಅಂದುಕೊಂಡೆ. ಬಣ್ಣವೂ ಹಾಗೇ, ಮೈಯೂ ಹಾಗೇ, ಗುಬುಟು ಗುಬುಟು. ಹಣ್ಣು ತಾನೇ ಅಂತ ಬ್ರೇಕನ್ನು ಪೂರ್ತಿ ಒತ್ತಲಿಲ್ಲ. ಇಳಿಜಾರಿನಲ್ಲಿ ಲೋಡು ಇಟ್ಟುಕೊಂಡು ಒತ್ತಿದರೂ ಗಾಡಿ ನಿಲ್ಲುತ್ತಿತ್ತೋ ಇಲ್ಲವೋ. ಸ್ವಲ್ಪ ಎಡಕ್ಕೆ ತಿರುಗಿಸಿದೆ. ಮುಂದಿನ ಗಾಲಿ ತಪ್ಪಿತು. ಹಿಂದಿನದು ತಪ್ಪಲಿಲ್ಲ.

ಆ ಸಪ್ಪಳ ಹಣ್ಣಿನದಲ್ಲ ಅಂತ ಕೂಡಲೇ ಗೊತ್ತಾಯಿತು. ಮಣ್ಣಿನ ಗಡಿಗೆಗಳನ್ನು ಗೋಣಿಚೀಲದಲ್ಲಿ ಹಾಕಿ ತುಳಿದರೆ ಹೇಗಿರುತ್ತದೆ, ಹಾಗಿತ್ತು.

ಕ್ಲೀನರ್ ಹುಡುಗ ಬ್ಯಾಟರಿ ಹಿಡಿದು ಇಳಿದ. ‘ಅಣ್ಣಾ, ಹಣ್ಣಲ್ಲ. ಬಾಲ ಐತಿ’ ಅಂದ. ನಾನೂ ಇಳಿದೆ. ಮೈ ತುಂಬ ಚಿಪ್ಪು, ಒಂದರ ಮೇಲೊಂದು, ಹೆಂಚು ಹೊದಿಸಿದ ಹಾಗೆ. ಸಣ್ಣ ಮೂತಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು. ಬಾಲವನ್ನು ಮೈ ಸುತ್ತ ಬಿಗಿಯಾಗಿ ಸುತ್ತಿಕೊಂಡೇ ಸತ್ತಿತ್ತು. ಅಂಥದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಖಾಲಿ ಚೀಲದಿಂದ ಹಿಡಿದು ಪಕ್ಕಕ್ಕೆ ಸರಿಸಿದೆವು. ಹುಡುಗ ಒಂದು ಚಿಪ್ಪು ಎತ್ತಿಕೊಂಡು ಬಂದಿದ್ದ, ತಾಯಿತದಲ್ಲಿ ಹಾಕಿಸಿದರೆ ಒಳ್ಳೆಯದಂತೆ. ಬೇಡ ಅಂತ ಬಯ್ದು ಅಲ್ಲೇ ಬಿಸಾಡಿಸಿದೆ. ನಾಲ್ಕಕ್ಕೆ ಮಾರ್ಕೆಟ್ ಮುಟ್ಟಿದೆವು. ಭಾಡಿಗೆ ಪೂರ್ತಿ ಸಿಕ್ಕಿತು.

ಮೊಲ್ಲೆಂ ಕೇಂದ್ರದಲ್ಲಿ ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಹುಡುಗ ಗಿಳಿಯಂಥ ಯಾವುದೋ ಹಕ್ಕಿಯ ಚಿತ್ರ ನೋಡುತ್ತಾ ದೂರ ಹೋಗಿದ್ದ. ಆ ಸಿಬ್ಬಂದಿಯ ಹತ್ತಿರ ಮೆಲ್ಲಗೆ ಕೇಳಿದೆ, ಹೀಗೊಂದು ಪ್ರಾಣಿ, ಹಲಸಿನಹಣ್ಣಿನ ಹಾಗೆ, ಇಲ್ಲಿ ಇದೆಯೇ ಅಂತ. ಅವರು ನನ್ನ ಮುಖ ನೋಡಿದರು. ‘ಖವಲೆ ಮಾಂಜರ್’ ಅಂದರು. ಮರಾಠಿಯಲ್ಲಿ ಚಿಪ್ಪಿನ ಬೆಕ್ಕು. ನಮ್ಮಲ್ಲಿ ಅದಕ್ಕೇ ಚಿಪ್ಪುಹಂದಿ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ಅದು ಬೆಕ್ಕೂ ಅಲ್ಲ, ಹಂದಿಯೂ ಅಲ್ಲ. ಪಾಪದ್ದು, ಯಾರ ಸಂಬಂಧಿಯೂ ಅಲ್ಲದ್ದಕ್ಕೆ ಊರಿಗೊಂದು ಹೆಸರು.

ಅವರು ತಮ್ಮ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದು ನನ್ನ ಕೈಗೆ ಕೊಟ್ಟರು. ಕತ್ತಲಲ್ಲಿ ಒಂದು ಚಿಪ್ಪುಹಂದಿ ಹುತ್ತ ಕೆದರುತ್ತಿತ್ತು. ಯಾರೋ ಕಾಲು ಸಪ್ಪಳ ಮಾಡಿದರು. ಅದು ಓಡಲಿಲ್ಲ. ತಲೆ ಒಳಗೆ ಎಳೆದುಕೊಂಡಿತು, ಬಾಲ ಮೇಲೆ ತಂದಿತು, ನೋಡನೋಡುತ್ತಾ ಚೆಂಡಾಯಿತು. ಮೂರು ಸಲ ನೋಡಿದೆ. ಬಾಯಲ್ಲಿ ಹಲ್ಲೇ ಇಲ್ಲವಂತೆ. ಉದ್ದನೆಯ ಅಂಟು ನಾಲಗೆಯಿಂದ ಇರುವೆ, ಗೆದ್ದಲು ನೆಕ್ಕಿಕೊಂಡು ಬದುಕುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ. ತಾಯಿ ಅದನ್ನು ಬಾಲದ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ಹೆದರಿದರೆ ಅದಕ್ಕೆ ಗೊತ್ತಿರುವ ವಿದ್ಯೆ ಚೆಂಡಾಗುವುದೊಂದೇ. ಚಿರತೆಯ ಮುಂದೆ ಆ ವಿದ್ಯೆ ನಡೆಯುತ್ತದೆ. ಆರು ಟೈರಿನ ಗಾಡಿಯ ಮುಂದೆ ನಡೆಯುವುದಿಲ್ಲ.

ಆ ಚಿಪ್ಪಿನಲ್ಲಿ ಔಷಧ, ಮಾಟ, ಅದೃಷ್ಟ ಅಂತ ಏನೇನೋ ನಂಬಿ ಮಂದಿ ಕದ್ದು ಮಾರುತ್ತಾರೆ. ಅದು ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು ಅಂತ ಅವರು ಹೇಳಿದಾಗ ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಯಾವ ಪಟ್ಟಿಯಲ್ಲಿದೆಯೋ ಚಿಪ್ಪುಹಂದಿಯೂ ಅದೇ ಮೊದಲನೇ ಪಟ್ಟಿಯಲ್ಲಿದೆ. ಅವತ್ತು ಆ ಹುಡುಗನಿಂದ ಚಿಪ್ಪು ಬಿಸಾಡಿಸಿದ್ದು ಕಾನೂನು ಗೊತ್ತಿದ್ದಲ್ಲ, ಹೆದರಿಕೆಯಿಂದ.

ಆ ಮನುಷ್ಯ ನನಗೆ ಬುದ್ಧಿ ಹೇಳಲಿಲ್ಲ. ಅವರು ಅಂದದ್ದು ಒಂದೇ ಮಾತು: ರಾತ್ರಿ ಇಲ್ಲಿ ‘ಸವಕಾಸ್’ ಹೋಗಿ ಅಂತ ನಿಮ್ಮ ಕಡೆಯವರಿಗೆ ಹೇಳಿ, ನಾವು ಹೇಳಿದರೆ ಕೇಳುವುದಿಲ್ಲ. ಸವಕಾಸ್! ನಮ್ಮ ಕಡೆ ಸಾವಕಾಶ ಅನ್ನುತ್ತೇವಲ್ಲ, ಅದೇ. ‘ಸಾವಕಾಶ ಹೋಗೋ ತಮ್ಮಾ’ ಅಂತ ನಮ್ಮವ್ವ ಪ್ರತಿ ಸಲ ಗಾಡಿ ಹತ್ತುವಾಗ ಅನ್ನುತ್ತಿದ್ದಳು. ಘಾಟಿನ ಮೇಲೂ ಕೆಳಗೂ ಒಂದೇ ಶಬ್ದ.

ಹಾಗಾಗಿ ಹೇಳುತ್ತಿದ್ದೇನೆ. ಬೆಳಗಾವಿ, ಹುಬ್ಬಳ್ಳಿ, ಧಾರವಾಡ ಕಡೆಯಿಂದ ಈ ಘಾಟು ಇಳಿಯುವ ಚಾಲಕ ಮಿತ್ರರೇ, ಒಂದು ಸಲ ಹಗಲು ಹೊತ್ತಿನಲ್ಲಿ ಮೊಲ್ಲೆಂನಲ್ಲಿ ಒಂದು ಗಂಟೆ ನಿಲ್ಲಿ. ಖಾಲಿ ಗಾಡಿ ವಾಪಸ್ ಹೋಗುವಾಗ ನಿಂತರೂ ಸಾಕು, ಆಗ ಯಾವ ದಲಾಲರೂ ಫೋನ್ ಮಾಡುವುದಿಲ್ಲ. ಒಳಗೆ ಹೋಗಿ ಚಿತ್ರ ನೋಡಿ. ಓದಲು ಬರದಿದ್ದರೆ ಕೇಳಿ, ಹೇಳುತ್ತಾರೆ. ರಾತ್ರಿ ರಸ್ತೆಯಲ್ಲಿ ಏನು ಅಡ್ಡ ಬರಬಹುದು ಅಂತ ಮೊದಲೇ ಕಂಡಿದ್ದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಅವತ್ತು ನನಗೆ ಅದು ಹಣ್ಣಲ್ಲ ಅಂತ ಗೊತ್ತಿದ್ದರೆ, ನಿಲ್ಲುತ್ತಿತ್ತೋ ಇಲ್ಲವೋ, ಬ್ರೇಕನ್ನಾದರೂ ಪೂರ್ತಿ ಒತ್ತುತ್ತಿದ್ದೆ.

ಇನ್ನೊಂದು ಕೆಟ್ಟ ಚಾಳಿ ಇದೆ ನಮ್ಮದು. ಕೊಳೆತ ಟೊಮೆಟೊ, ಒಡೆದ ಕುಂಬಳಕಾಯಿ, ಮುದುಡಿದ ಕೋಸು, ಎಲ್ಲವನ್ನೂ ಘಾಟಿನ ತಿರುವಿನಲ್ಲೇ ಸುರಿಯುತ್ತೇವೆ. ಮಂಗ ತಿನ್ನಲಿ, ಪುಣ್ಯ ಬರಲಿ ಅಂತ. ನಾನೂ ಸುರಿದಿದ್ದೇನೆ, ಕೈ ಮುಗಿದೂ ಬಂದಿದ್ದೇನೆ. ಆ ರುಚಿಗೆ ಮಂಗಗಳು ಮರಿ ಕಟ್ಟಿಕೊಂಡು ರಸ್ತೆಯಲ್ಲೇ ಕೂರುತ್ತವೆ. ಹಿಂದಿನಿಂದ ಬರುವ ಗಾಡಿಗೆ ಸಿಗುತ್ತವೆ. ಪುಣ್ಯ ಎಲ್ಲಿ ಬಂತು? ಕೆಳಗೆ ಇಳಿದು ಮಾರ್ಕೆಟ್ಟಿನ ಕಸಕ್ಕೇ ಹಾಕಿ.

ಹಾಗೆಯೇ ಡಿಪ್ಪರ್, ಅಂದರೆ ಲೈಟು ತಗ್ಗಿಸುವುದು. ಎದುರಿಗೆ ಗಾಡಿ ಬಂದರೆ ಮಾತ್ರ ಡಿಪ್ಪರ್ ಕೊಡುವುದು ಅಂತ ನಾವು ಕಲಿತಿದ್ದೇವೆ. ದೊಡ್ಡ ಲೈಟು ಕಣ್ಣಿಗೆ ಹೊಡೆದರೆ ಪ್ರಾಣಿಗಳು ದಿಕ್ಕು ತಪ್ಪಿ ನಡುರಸ್ತೆಯಲ್ಲೇ ನಿಂತುಬಿಡುತ್ತವೆ. ಪೊರೆ ತೆಗೆಸಿದ ಮೇಲೆ ನನಗೂ ಹಾಗೇ ಆಗುತ್ತಿತ್ತು, ಅದರ ಕಷ್ಟ ನನಗೆ ಗೊತ್ತು.

ರಸ್ತೆ ಅಗಲ ಆದರೆ ಎಲ್ಲಾ ಸರಿಹೋಗುತ್ತದೆ ಅನ್ನುವವರಿದ್ದಾರೆ. ನಾನೂ ಸ್ಟೇರಿಂಗ್ ಹಿಂದೆ ಕೂತು ಎಷ್ಟೋ ರಾತ್ರಿ ಅದನ್ನೇ ಬೇಡಿಕೊಂಡವನು. ಈ ಕಾಡಿನಲ್ಲಿ ರಸ್ತೆ, ರೈಲು, ಕರೆಂಟಿನ ತಂತಿ, ಮೂರರ ಮೇಲೂ ಗೋವಾದಲ್ಲಿ ದೊಡ್ಡ ಗಲಾಟೆ ಆಯಿತು. ಫೋಂಡಾದ ಕಾಲೇಜು ಹುಡುಗರೂ ಆ ಮಾತೇ ಆಡುತ್ತಿದ್ದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರೈಲಿನ ಜೋಡಿ ಮಾರ್ಗಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಆವಾಗ ನನಗೆ ಇದೆಲ್ಲಾ ಕೆಲಸ ಇಲ್ಲದವರ ಮಾತು ಅನ್ನಿಸಿತ್ತು. ಈಗ ಅಷ್ಟು ಸಲೀಸಾಗಿ ಹಾಗೆ ಅನ್ನಲಾರೆ. ಅಗಲ ರಸ್ತೆಯಲ್ಲಿ ನಾವು ಸಾವಕಾಶ ಹೋಗುತ್ತೇವಾ? ನೀವೇ ಹೇಳಿ.

ಗೋವಾದ ಕನ್ನಡ ಸಂಘಗಳವರಿಗೂ ಒಂದು ಮಾತು. ರಾಜ್ಯೋತ್ಸವ ಮಾಡುತ್ತೀರಿ, ಶಾಲು ಹೊದಿಸುತ್ತೀರಿ, ಸಂತೋಷ. ವಾಸ್ಕೋ, ಝುವಾರಿನಗರದ ಕಡೆ ಕನ್ನಡ ಶಾಲೆಯ ಮಕ್ಕಳಿದ್ದಾರೆ. ಪಿಕ್‌ನಿಕ್ ಅಂದರೆ ಅವರಿಗೆ ಬೀಚೇ. ಒಂದು ಸಲ ಬಸ್ಸು ಮಾಡಿ ಮೊಲ್ಲೆಂಗೆ ಕರೆದುಕೊಂಡು ಬನ್ನಿ. ಅಲ್ಲಿಂದ ತಾಂಬಡಿ ಸುರ್ಲಾದ ಮಹಾದೇವನ ಗುಡಿಗೂ ಹೋಗಬಹುದು. ಕದಂಬರ ಕಾಲದ ಗುಡಿ, ಕಾಡಿನ ನಡುವೆ, ಪಕ್ಕದಲ್ಲೇ ಹೊಳೆ. ನನ್ನ ಮೊಮ್ಮಗನಿಗೆ ಕದಂಬ ಅಂದರೆ ಗೋವಾದ ಸರ್ಕಾರಿ ಬಸ್ಸು ಅಂತಷ್ಟೇ ಗೊತ್ತಿತ್ತು. ರಾಜರ ಹೆಸರು ಕಣೋ ಅಂದರೆ, ‘ಬಸ್ಸಿನ ಹೆಸರು ರಾಜರಿಗೆ ಯಾಕೆ ಇಟ್ಟರು ಅಜ್ಜಾ’ ಅಂತ ಕೇಳಿದ.

ಮಾಹಿತಿ ಕೇಂದ್ರದಲ್ಲಿ ಕನ್ನಡ ಇರಲಿ ಅಂತ ನಾನು ಗೋವಾ ಸರ್ಕಾರಕ್ಕೆ ಕೇಳುತ್ತಿಲ್ಲ. ಅದು ಅವರ ಮನೆ. ಆದರೆ ಒಂದು ಹಾಳೆ, ಕನ್ನಡದಲ್ಲಿ, ನಾವೇ ಮಾಡಬಹುದಲ್ವಾ? ಕಾಡುಕೋಣ, ಚಿಪ್ಪುಹಂದಿ, ಪುನುಗು ಬೆಕ್ಕು, ಕಾಡುಪಾಪ, ಕಾಳಿಂಗ ಸರ್ಪ, ಹೀಗೆ ರಸ್ತೆಗೆ ಬರುವ ಐದಾರು ಜೀವಗಳ ಚಿತ್ರ, ಕೆಳಗೆ ಎರಡೆರಡು ಸಾಲು. ಸಣ್ಣ ಅಕ್ಷರ ಬೇಡ, ಚಾಲಕರು ಚಹಾ ಕುಡಿಯುವಾಗ ಓದುವವರು. ಇಲಾಖೆಯವರಿಗೆ ತೋರಿಸಿ ಒಪ್ಪಿಗೆ ತೆಗೆದುಕೊಂಡು, ರಾಮನಗರದ ದಾಬಾಗಳಲ್ಲಿ, ಬೆಳಗಾವಿಯ ಮಾರ್ಕೆಟ್ಟಿನಲ್ಲಿ ಅಂಟಿಸಿದರೆ ಸಾಕು. ಯಾರಾದರೂ ಮುದ್ರಣದ ಖರ್ಚು ನೋಡಿಕೊಂಡರೆ, ಹಂಚುವ ಕೆಲಸ ನನ್ನದು. ಆ ಹಾದಿಯ ಒಂದೊಂದು ಚಹಾದಂಗಡಿಯೂ ನನಗೆ ಗೊತ್ತು, ಎರಡರಲ್ಲಿ ಉದ್ರಿ ಇನ್ನೂ ಬಾಕಿ ಇದೆ.

ಅಲ್ಲಿಯತನಕ ನಾವು ಒಂದು ಕೆಲಸ ಮಾಡಿದ್ದೇವೆ. ಅಳಿಯನ ಗಾಡಿಯ ಹಿಂದೆ ಮೊದಲು ‘ಹಾರ್ನ್ ಓಕೆ ಪ್ಲೀಸ್’ ಅಂತ ಇತ್ತು. ಕಳೆದ ಭಾನುವಾರ ಅದನ್ನು ಅಳಿಸಿ ‘ಸಾವಕಾಶ’ ಅಂತ ಕನ್ನಡದಲ್ಲೂ ದೇವನಾಗರಿಯಲ್ಲೂ ಬರೆಸಿದೆವು. ಅದರ ಕೆಳಗೆ ಚಿಪ್ಪುಹಂದಿಯ ಚಿತ್ರ ಬೇಕು ಅಂತ ಮೊಮ್ಮಗ ಹಟ ಹಿಡಿದ. ಪೇಂಟರ್ ಮೊಬೈಲಿನಲ್ಲಿ ಫೋಟೋ ನೋಡಿಯೇ ಬಿಡಿಸಿದ. ಚೆಂಡಾದ ಚಿಪ್ಪುಹಂದಿ. ಆದರೆ ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಹಲಸಿನಹಣ್ಣಿನ ಹಾಗೇ ಕಾಣುತ್ತದೆ. ಮೊನ್ನೆ ಮಾರ್ಕೆಟ್ಟಿನಲ್ಲಿ ಒಬ್ಬರು, ಈಗ ಹಲಸಿನ ಲೋಡೂ ಹೊಡೆಯುತ್ತೀರಾ ಅಂತ ಅಳಿಯನನ್ನು ಕೇಳಿದರಂತೆ. ಮೊಮ್ಮಗ ಸಿಟ್ಟಾಗಿದ್ದಾನೆ. ಬರುವ ಭಾನುವಾರ ಬಾಲ ಸ್ವಲ್ಪ ಹೊರಗೆ ತೆಗೆಸಿ, ಎರಡು ಕಣ್ಣು ಇಡಿಸಬೇಕು.

ಇಂತಿ,
ಒಬ್ಬ ಹಳೇ ತರಕಾರಿ ಗಾಡಿ ಚಾಲಕ
ಫೋಂಡಾ, ಗೋವಾ